ಎರಡು ಕಂಬಗಳ ನಡುವೆ, ಟೆಂಬಿಸಾದಲ್ಲಿ

ವಿಮಾನ ಜೊಹಾನ್ಸ್‌ಬರ್ಗಿನ ಮೇಲೆ ಇಳಿಯತೊಡಗಿದಾಗ ನಾನು ಗೋಲ್‌ಕಂಬಗಳನ್ನು ಎಣಿಸುತ್ತಿದ್ದೆ. ಕಿಟಕಿಯ ಕೆಳಗೆ ಆಗಸ್ಟ್ ತಿಂಗಳ ಒಣ ನೆಲ. ಹುಲ್ಲೆಲ್ಲ ಹುರಿದ ರವೆಯ ಬಣ್ಣಕ್ಕೆ ತಿರುಗಿತ್ತು. ಅಲ್ಲಲ್ಲಿ ಬೆಂಕಿ ಬಿದ್ದು ಕರಕಲಾದ ಪಟ್ಟಿಗಳು, ದೂರದಲ್ಲಿ ಚಿನ್ನದ ಗಣಿಗಳವರು ಅಗೆದು ಸುರಿದ ಹಳದಿ ಮಣ್ಣಿನ ಗುಡ್ಡಗಳು. ಬೆಂಕಿಪೊಟ್ಟಣ ಜೋಡಿಸಿಟ್ಟ ಹಾಗೆ ಸಾಲು ಸಾಲು ಪುಟ್ಟ ಮನೆಗಳು. ಆ ಸಾಲುಗಳ ನಡುವೆ ಒಂದಿಷ್ಟು ಬಯಲು ಎಲ್ಲಿ ಉಳಿದಿದೆಯೋ ಅಲ್ಲೆಲ್ಲ ಎದುರುಬದುರಾಗಿ ಎರಡು ಜೊತೆ ಕಂಬ. ಬಲೆ ಇಲ್ಲ, ಹುಲ್ಲೂ ಇಲ್ಲ, ಸುತ್ತ ಗೋಡೆಯೂ ಇಲ್ಲ. ಕೆಂಪು ಮಣ್ಣಿನ ಮೇಲೆ ಬಿಳಿ ಕಂಬಗಳಷ್ಟೇ. ಎಣಿಕೆ ಹನ್ನೊಂದಕ್ಕೆ ಬಂದಿತ್ತು, ಚಕ್ರ ನೆಲ ಮುಟ್ಟಿತು.

ನಾನು ಬಂದದ್ದು ಸಿಂಹ ನೋಡಲಿಕ್ಕಲ್ಲ. ಆ ಕಂಬಗಳನ್ನು ನೋಡಲಿಕ್ಕೇ.

ಮೂರು ವಾರದ ಹಿಂದೆ, 2025ರ ಜುಲೈ 19ರ ರಾತ್ರಿ, ಮನೆಯವರೆಲ್ಲ ಮಲಗಿದ ಮೇಲೆ ಫೋನಿನಲ್ಲಿ ಒಂದು ಪಂದ್ಯ ನೋಡಿದ್ದೆ. ಮೊರಾಕ್ಕೊ ದೇಶದ ಊಜ್ದಾ ಎಂಬ ಊರಿನಲ್ಲಿ ಆಫ್ರಿಕಾ ಮಹಿಳಾ ಕಪ್ಪಿನ ಕ್ವಾರ್ಟರ್ ಫೈನಲ್: ದಕ್ಷಿಣ ಆಫ್ರಿಕಾ ಮತ್ತು ಸೆನೆಗಲ್. 120 ನಿಮಿಷ ಕಳೆದರೂ ಗೋಲಿಲ್ಲ. ಕೊನೆಗೆ ಪೆನಾಲ್ಟಿ ಸರದಿ. ದಕ್ಷಿಣ ಆಫ್ರಿಕಾದ ಗೋಲು ಕಾಯಲು ಉದ್ದನೆಯ ಒಬ್ಬ ಹೆಂಗಸು ಬಂದು ನಿಂತರು. ಹೆಸರು ಆಂಡಿಲೆ ಡ್ಲಾಮಿನಿ. ಜನ ಕರೆಯುವುದು ‘ಸ್ಟಿಕ್ಸ್’ ಎಂದು, ಅಂದರೆ ಕಡ್ಡಿಗಳು. ಅವರು ಎರಡು ಹೊಡೆತ ತಡೆದರು. 4–1ರಲ್ಲಿ ದಕ್ಷಿಣ ಆಫ್ರಿಕಾ ಗೆದ್ದಿತು. ಎಲ್ಲರೂ ಓಡಿಬಂದು ಅವರ ಮೇಲೆ ಬಿದ್ದರು. ನಾನು ಇಲ್ಲಿ ಕತ್ತಲೆಯ ಕೋಣೆಯಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ಕೂತಿದ್ದೆ, ಮಕ್ಕಳು ಎದ್ದಾರೆಂದು.

ನಮ್ಮೂರಿನ ಶಾಲೆಯಲ್ಲಿ ಮೂರು ವರ್ಷ ನಾನೂ ಗೋಲು ಕಾಯುತ್ತಿದ್ದೆ. ಅಲ್ಲಿ ಆ ಜಾಗಕ್ಕೆ ಯಾರೂ ತಾವಾಗಿ ಹೋಗುತ್ತಿರಲಿಲ್ಲ. ಓಟದಲ್ಲಿ ಹಿಂದೆ ಬಿದ್ದವರನ್ನು ನಿಲ್ಲಿಸುತ್ತಿದ್ದರು. ನನಗೆ ಮಾತ್ರ ಆ ಜಾಗ ಇಷ್ಟವಾಗಿತ್ತು. ಆಟವಿಡೀ ಮುಂದೆ ಕಾಣುತ್ತದೆ, ಕೈ ಬಳಸುವ ಹಕ್ಕು ನಿನ್ನೊಬ್ಬಳಿಗೇ ಇದೆ. ಅಂಥ ಜಾಗವನ್ನೇ ಬದುಕು ಮಾಡಿಕೊಂಡ ಒಬ್ಬ ಹೆಂಗಸು ಟೆಂಬಿಸಾ ಎಂಬ ಊರಿನವರು ಎಂದು ಓದಿದಾಗ, ಟೆಂಬಿಸಾ ಇರುವುದು ಚಿಕ್ಕಮ್ಮನ ಮಗ ಕೆಲಸ ಮಾಡುವ ಮಿಡ್‌ರ‍್ಯಾಂಡಿನ ಪಕ್ಕದಲ್ಲೇ ಎಂದು ನಕ್ಷೆ ತೋರಿಸಿದಾಗ, ಬಹಳ ದಿನದಿಂದ ಮುಂದೂಡುತ್ತ ಬಂದಿದ್ದ ಪ್ರಯಾಣಕ್ಕೆ ಟಿಕೆಟ್ ತೆಗೆದೇಬಿಟ್ಟೆ.

“ಅಕ್ಕಾ, ಅಲ್ಲಿಗೆಲ್ಲ ಯಾಕೆ? ಕ್ರೂಗರ್ ಅಭಯಾರಣ್ಯಕ್ಕೆ ಹೋಗೋಣ, ಆನೆ ನೋಡೋಣ,” ಅಂದ ತಮ್ಮ. ಅವನಿರುವುದು ಎತ್ತರದ ಗೋಡೆ, ಗೋಡೆಯ ಮೇಲೆ ಕರೆಂಟಿನ ತಂತಿ, ಬೆರಳಿಟ್ಟರೆ ತೆರೆಯುವ ಗೇಟು ಇರುವ ವಠಾರದಲ್ಲಿ. ಆರು ವರ್ಷದಿಂದ ಅಲ್ಲಿದ್ದರೂ ಟೆಂಬಿಸಾದೊಳಗೆ ಕಾಲಿಟ್ಟವನಲ್ಲ. “ಆನೆ ನಮ್ಮ ಕೊಡಗಿನಲ್ಲೂ ಇದೆಯಲ್ಲೋ,” ಅಂದೆ. ಕೊನೆಗೆ ಅವನ ಆಫೀಸಿನಲ್ಲಿ ಕೆಲಸ ಮಾಡುವ, ಟೆಂಬಿಸಾದಲ್ಲೇ ಹುಟ್ಟಿ ಬೆಳೆದ ಒಬ್ಬ ಹೆಂಗಸು ನನ್ನನ್ನು ಕರೆದುಕೊಂಡು ಹೋಗಲು ಒಪ್ಪಿದರು. ಅವರನ್ನು ‘ಸಿಸಿ’ ಎಂದು ಕರೆಯಬೇಕು ಎಂದು ತಮ್ಮ ಹೇಳಿಕೊಟ್ಟ. ಜುಲು ಮಾತಿನಲ್ಲಿ ಹಾಗೆಂದರೆ ಅಕ್ಕ.

ಶನಿವಾರ, ಆಗಸ್ಟ್ 9. ಆ ದಿನ ಅಲ್ಲಿ ಮಹಿಳಾ ದಿನ, ಸರ್ಕಾರಿ ರಜೆ. ಯಾಕೆ ಎಂಬುದನ್ನು ಹಿಂದಿನ ದಿನವೇ ಪ್ರಿಟೋರಿಯಾದಲ್ಲಿ ನೋಡಿ ಬಂದಿದ್ದೆ. ಯೂನಿಯನ್ ಬಿಲ್ಡಿಂಗ್ಸ್ ಎಂಬ ಸರ್ಕಾರದ ಭವನ ಗುಡ್ಡದ ಮೇಲೆ ಅರ್ಧ ಚಂದ್ರನ ಹಾಗೆ ಬಾಗಿ ನಿಂತಿದೆ. ಅದರ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ತೋಟ. 1956ರ ಆಗಸ್ಟ್ 9ರಂದು ಸುಮಾರು 20,000 ಹೆಂಗಸರು ಆ ಮೆಟ್ಟಿಲು ಹತ್ತಿ ಬಂದಿದ್ದರು. ಕರಿಯರು ಎಲ್ಲಿ ಹೋಗಬೇಕಾದರೂ ಜೇಬಿನಲ್ಲಿ ಪಾಸ್ ಇಟ್ಟುಕೊಳ್ಳಬೇಕೆಂಬ ಕಾನೂನನ್ನು ಹೆಂಗಸರ ಮೇಲೂ ಹೇರಿದ್ದಕ್ಕೆ ಅವರ ವಿರೋಧ. ಮುಂದೆ ನಡೆದವರಲ್ಲಿ ಲಿಲಿಯನ್ ಎನ್‌ಗೋಯಿ, ಹೆಲೆನ್ ಜೋಸೆಫ್, ಸೋಫಿಯಾ ವಿಲಿಯಮ್ಸ್ ಅವರ ಜೊತೆಗೆ ಭಾರತೀಯ ಮೂಲದ ರಹೀಮಾ ಮೂಸಾ ಕೂಡ ಇದ್ದರು. ಪ್ರಧಾನಿ ಸಿಗಲಿಲ್ಲ. ಮನವಿ ಪತ್ರಗಳ ಕಟ್ಟುಗಳನ್ನು ಬಾಗಿಲಲ್ಲಿಟ್ಟು ಅಷ್ಟೂ ಜನ ಮೂವತ್ತು ನಿಮಿಷ ಒಂದೇ ಒಂದು ಮಾತಿಲ್ಲದೆ ನಿಂತರಂತೆ. ಇಪ್ಪತ್ತು ಸಾವಿರ ಜನ ಅರ್ಧ ಗಂಟೆ ಸುಮ್ಮನೆ ನಿಲ್ಲುವುದೆಂದರೆ ಏನು? ಆ ಮೆಟ್ಟಿಲ ಮೇಲೆ ನಾನೂ ಒಂದು ಗಳಿಗೆ ನಿಂತೆ. ಚಳಿಗಾಳಿಗೆ ಕಿವಿ ಮರಗಟ್ಟಿತು.

ಸಿಸಿ ಬೆಳಿಗ್ಗೆ ಎಂಟಕ್ಕೇ ತಮ್ಮ ಪುಟ್ಟ ಬಿಳಿ ಕಾರಿನಲ್ಲಿ ಬಂದರು. ಮಿಡ್‌ರ‍್ಯಾಂಡಿನ ಗಾಜಿನ ಕಟ್ಟಡಗಳು ಮುಗಿದು, ಹೆದ್ದಾರಿ ದಾಟಿದರೆ ರಸ್ತೆಯ ಬಣ್ಣವೇ ಬದಲಾಗುತ್ತದೆ. ಒಂದು ಕಡೆ ಕ್ಲೋರ್‌ಕಾಪ್. ಅಲ್ಲಿರುವುದು ಮಮೆಲೋಡಿ ಸಂಡೌನ್ಸ್ ಕ್ಲಬ್ಬಿನ ತರಬೇತಿಯ ಜಾಗ. ಆಫ್ರಿಕಾದ ದೊಡ್ಡ ಕ್ಲಬ್ಬುಗಳಲ್ಲಿ ಒಂದು. ಹಳದಿ ಅಂಗಿ ಹಾಕುವುದರಿಂದ ಅಭಿಮಾನಿಗಳು ತಮ್ಮವರನ್ನು ‘ಬ್ರೆಜಿಲಿಯನ್ನರು’ ಎನ್ನುತ್ತಾರೆ. ಡ್ಲಾಮಿನಿ ಆಡುವುದು ಅದರ ಮಹಿಳಾ ತಂಡಕ್ಕೆ. ಆ ಜಾಗ ದಾಟಿ ಒಂದು ತಿರುವು ತಿರುಗಿದರೆ ಟೆಂಬಿಸಾ. ಹುಟ್ಟಿದ ಊರಿಗೂ ದೊಡ್ಡ ಕ್ಲಬ್ಬಿಗೂ ನಡುವೆ ಇಷ್ಟೇ ಇಷ್ಟು ದೂರ! ನಕ್ಷೆಯಲ್ಲಿ ಒಂದು ಬೆರಳಗಲ. ಆದರೆ ಅಲ್ಲಿಂದ ಇಲ್ಲಿಗೆ ಬರಲು ಒಂದು ಹುಡುಗಿಗೆ ಎಷ್ಟು ವರ್ಷ ಬೇಕು ಎಂಬುದನ್ನು ಕಾರಿನ ಮೀಟರು ತೋರಿಸುವುದಿಲ್ಲ.

ಟೆಂಬಿಸಾ ಎಂದರೆ ‘ಮಾತು ಕೊಡು’, ‘ಭರವಸೆ ಕೊಡು’ ಎಂದರ್ಥ. ವರ್ಣಭೇದದ ಸರ್ಕಾರ 1957ರಲ್ಲಿ ಕಟ್ಟಿದ ಊರಿದು. ಅಲೆಕ್ಸಾಂಡ್ರಾ, ಎಡನ್‌ವೇಲ್, ಜರ್ಮಿಸ್ಟನ್, ಕೆಂಪ್ಟನ್ ಪಾರ್ಕ್ ಮೊದಲಾದ ಕಡೆಗಳಿಂದ ಕರಿಯರನ್ನು ಎಬ್ಬಿಸಿ ತಂದು ಇಲ್ಲಿ ಇಳಿಸಿದರು. ಎಬ್ಬಿಸಿದ ಜನಕ್ಕೆ ಇಂಥ ಹೆಸರಿನ ಊರು ಕೊಟ್ಟಿದ್ದು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಈಗ ಊರು ಎಕುರುಲೇನಿ ಎಂಬ ಮಹಾನಗರ ಪಾಲಿಕೆಗೆ ಸೇರಿದೆ. ಆ ಮಾತಿನ ಅರ್ಥ ‘ಶಾಂತಿಯ ತಾಣ’.

ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಬಡತನವಲ್ಲ, ಗಡಿಬಿಡಿ. ಬಿಳಿ ಮಿನಿಬಸ್ ಟ್ಯಾಕ್ಸಿಗಳು ಹಾರನ್ ಹೊಡೆಯುತ್ತ ಹೋಗುತ್ತವೆ. ರಸ್ತೆಯ ಪಕ್ಕದಲ್ಲಿ ನಿಂತವರು ಬೆರಳಲ್ಲೇ ತಾವು ಹೋಗುವ ಊರು ಹೇಳುತ್ತಾರೆ. ತೋರುಬೆರಳು ಮೇಲೆತ್ತಿದರೆ ಜೊಹಾನ್ಸ್‌ಬರ್ಗ್ ಪೇಟೆ. ಒಂದಕ್ಷರ ಮಾತಿಲ್ಲ. ಕೂದಲು ಹೆಣೆಯುವ ಅಂಗಡಿ, ಟೈರಿನ ಅಂಗಡಿ, ಚರ್ಚಿಗೆ ಬಿಳಿ ಬಟ್ಟೆ ತೊಟ್ಟು ಹೊರಟ ಅಜ್ಜಿಯರು, ಮನೆಯ ಕಿಟಕಿಯಲ್ಲೇ ಬ್ರೆಡ್ಡು ಸೋಪು ಮಾರುವ ‘ಸ್ಪಾಜಾ’ ಅಂಗಡಿಗಳು. ಇದ್ದಿಲ ಹೊಗೆಯ ವಾಸನೆ ಚಳಿಯಲ್ಲಿ ಕೆಳಗೇ ಉಳಿದಿತ್ತು.

ಸಿಸಿ ಒಂದು ತಿರುವಿನಲ್ಲಿ ಕಾರು ನಿಲ್ಲಿಸಿ ‘ಕೊಟಾ’ ಕೊಡಿಸಿದರು. ಬ್ರೆಡ್ಡಿನ ಕಾಲು ಭಾಗ ಕತ್ತರಿಸಿ, ಒಳಗಿನ ಮೆದು ತೆಗೆದು, ಆ ಗುಳಿಯಲ್ಲಿ ಆಲೂಗಡ್ಡೆ ಚಿಪ್ಸು ತುಂಬಿಸಿ ಕೊಡುವ ತಿಂಡಿ. ನನ್ನದರಲ್ಲಿ ಮಾಂಸ ಬೇಡ ಅಂದಿದ್ದೆ. ಅಂಗಡಿಯಾಕೆ ಡಬ್ಬಿಯಿಂದ ಹಳದಿ ಬಣ್ಣದ್ದೇನೋ ಒಂದು ಚಮಚ ಸುರಿದಳು. ಬಾಯಿಗಿಟ್ಟರೆ ಮಾವಿನಕಾಯಿ ಉಪ್ಪಿನಕಾಯಿ! ‘ಅಚಾರ್’ ಎಂದೇ ಅದರ ಹೆಸರು. 1860ರಿಂದ ಮದ್ರಾಸು ಮತ್ತು ಕಲ್ಕತ್ತೆಯ ಹಡಗುಗಳಲ್ಲಿ ನಟಾಲಿನ ಕಬ್ಬಿನ ಗದ್ದೆಗಳಿಗೆ ಬಂದ ಕೂಲಿಯವರ ಊಟ, ಈಗ ಟೆಂಬಿಸಾದ ಮಕ್ಕಳು ಅದಿಲ್ಲದೆ ಕೊಟಾ ಮುಟ್ಟುವುದಿಲ್ಲ. “ಇದು ನಮ್ಮದು,” ಅಂದರು ಸಿಸಿ. “ನಮ್ಮದೂ,” ಅಂದೆ. ಇಬ್ಬರೂ ನಕ್ಕೆವು.

ಮೈದಾನ ಒಂದು ಪ್ರಾಥಮಿಕ ಶಾಲೆಯ ಹಿಂದಿತ್ತು. ಮೈದಾನವೆಂದರೆ ನಾನು ಆಕಾಶದಿಂದ ನೋಡಿದ್ದೇ: ಕೆಂಪು ಮಣ್ಣು, ಎರಡು ಜೊತೆ ಕಂಬ. ಮಹಿಳಾ ದಿನಕ್ಕೆಂದು ಬೀದಿಬೀದಿಗಳ ಹುಡುಗಿಯರ ತಂಡಗಳು ಸೇರಿದ್ದವು. ಹೆಂಗಸರು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಕಂಬಳಿ ಹೊದ್ದು ಕೂತಿದ್ದರು. ಅಲ್ಲಿನವರು ಫುಟ್‌ಬಾಲನ್ನು ‘ಡಿಸ್ಕಿ’ ಎನ್ನುತ್ತಾರೆ. ಗೋಲು ಬಿದ್ದರೆ ಕೂಗುವ ಮಾತು ‘ಲಡೂಮಾ’. ಹಾಗೆಂದರೆ ‘ಗುಡುಗಿತು’ ಎಂದು ಸಿಸಿ ಬಿಡಿಸಿ ಹೇಳಿದರು.

ನಾನು ಹೋಗಿ ನಿಂತದ್ದು ಗೋಲ್‌ಕಂಬದ ಹಿಂದೆ, ಅಲ್ಲಿನ ಚಿಕ್ಕ ಹುಡುಗರ ಸಾಲಿನಲ್ಲಿ. ಗೋಲು ಕಾಯುತ್ತಿದ್ದ ಹುಡುಗಿಗೆ ಹದಿನೈದಿರಬಹುದು. ಬಲಗೈ ಗ್ಲೌಸಿನ ಹೆಬ್ಬೆರಳ ಹೊಲಿಗೆ ಬಿಚ್ಚಿಹೋಗಿ, ವೈರಿಗೆ ಸುತ್ತುವ ಕಪ್ಪು ಟೇಪು ಸುತ್ತಿದ್ದಳು. ಆಟ ಶುರುವಾಗುವ ಮೊದಲು ಅವಳು ಮಾಡಿದ್ದನ್ನು ಒಂದೊಂದಾಗಿ ನೋಡಿದೆ. ಎರಡು ಲೀಟರಿನ ತಂಪು ಪಾನೀಯದ ಹಳೇ ಬಾಟಲಿಯಿಂದ ನೀರು ಸುರಿದು ಅಂಗೈ ಎರಡನ್ನೂ ಒದ್ದೆ ಮಾಡಿಕೊಂಡಳು. ಆ ರಬ್ಬರು ಒಣಗಿದರೆ ಚೆಂಡು ಹಿಡಿಯದು, ಧೂಳು ಕೂತರಂತೂ ಜಾರಿಯೇ ಹೋಗುತ್ತದೆ. ಆಮೇಲೆ ಒಂದು ಕಂಬ ಮುಟ್ಟಿ, ಇನ್ನೊಂದು ಕಂಬ ಮುಟ್ಟಿ, ಹೆಜ್ಜೆ ಎಣಿಸಿ, ಸರಿಯಾಗಿ ನಡುವೆ ಬಂದು ನಿಂತು, ಬೂಟಿನ ಹಿಮ್ಮಡಿಯಿಂದ ಮಣ್ಣಿನಲ್ಲಿ ಮುಂದಕ್ಕೆ ಒಂದು ಗೀರು ಎಳೆದಳು. ಒಂದು ಮಾರುದ್ದದ ಗೀರು. ಮುಂದೆ ಬಂದು ನಿಂತಾಗ ಗೋಲು ಬೆನ್ನಿಗಿರುತ್ತದೆ, ತಿರುಗಿ ನೋಡಲು ಹೊತ್ತಿರುವುದಿಲ್ಲ. ಕಾಲ ಕೆಳಗಿನ ಗೀರು ನೋಡಿದರೆ ತಾನು ನಡುವಿನಲ್ಲಿದ್ದೇನೋ ಇಲ್ಲವೋ ತಿಳಿಯುತ್ತದೆ. ಇದನ್ನು ಯಾರೂ ನನಗೆ ಶಾಲೆಯಲ್ಲಿ ಹೇಳಿಕೊಟ್ಟಿರಲಿಲ್ಲ. ಅಷ್ಟು ವಯಸ್ಸಾದ ಮೇಲೆ, ಅಷ್ಟು ದೂರ ಬಂದು, ಒಂದು ಮಗುವಿನಿಂದ ಕಲಿತೆ.

ಗೋಲಿನ ಅಗಲ 7.32 ಮೀಟರ್, ಎತ್ತರ 2.44. ಪೆನಾಲ್ಟಿ ಹೊಡೆಯುವುದು 11 ಮೀಟರ್ ದೂರದಿಂದ. ಚೆಂಡು ಬಂದು ಮುಟ್ಟಲು ಅರ್ಧ ಸೆಕೆಂಡು ಸಾಕು. ನೋಡಿ, ಲೆಕ್ಕ ಹಾಕಿ, ಹಾರುವುದಕ್ಕೆ ಅಷ್ಟರಲ್ಲಿ ಹೊತ್ತೇ ಇಲ್ಲ. ಹೊಡೆಯುವವಳ ಸೊಂಟ, ಊರಿದ ಕಾಲಿನ ತುದಿ ಎತ್ತ ಕಡೆಗಿದೆ ಎಂದು ನೋಡಿ ಮೊದಲೇ ನಿರ್ಧರಿಸಬೇಕು. ಸಾಲದ್ದಕ್ಕೆ ಇದು ಸಮುದ್ರದಿಂದ 1,600 ಮೀಟರಿಗೂ ಎತ್ತರದ ನೆಲ, ಬೆಂಗಳೂರಿಗಿಂತ ಬಹಳ ಮೇಲೆ. ಗಾಳಿ ತೆಳುವಾದ್ದರಿಂದ ಚೆಂಡಿಗೆ ತಡೆ ಕಡಿಮೆ. ದೂರದಿಂದ ಹೊಡೆದದ್ದು ನೆನೆಸಿದ್ದಕ್ಕಿಂತ ಬೇಗ ಬಂದುಬಿಡುತ್ತದೆ. ಇಲ್ಲಿ ಕಲಿತವರ ಕೈ ಚುರುಕಾಗದೆ ಏನಾಗುತ್ತದೆ?

ಮೊದಲ ಗೋಲು ಬಿದ್ದಾಗ ಇನ್ನೊಂದು ಸಂಗತಿ ಕಂಡೆ. ಬಲೆ ಇಲ್ಲದ್ದರಿಂದ ಚೆಂಡು ನಮ್ಮ ಕಾಲುಗಳ ನಡುವೆ ನುಗ್ಗಿ, ಶಾಲೆಯ ಬೇಲಿ ದಾಟಿ ರಸ್ತೆಗೆ ಉರುಳಿತು. ಹಿಂದೆ ‘ಲಡೂಮಾ’ ಎಂಬ ಕೂಗು. ಎಲ್ಲರೂ ಗೋಲು ಹೊಡೆದವಳನ್ನು ಎತ್ತಿಕೊಳ್ಳುತ್ತಿದ್ದಾಗ, ಗೋಲು ಬಿಟ್ಟ ಹುಡುಗಿ ಒಬ್ಬಳೇ ಬೇಲಿ ಹಾರಿ ಓಡಿ, ಟ್ಯಾಕ್ಸಿಗೆ ಸಿಗದ ಹಾಗೆ ಚೆಂಡನ್ನು ಎತ್ತಿಕೊಂಡು ಬಂದಳು. ಬಂದವಳೇ ಅಳಿಸಿಹೋಗಿದ್ದ ಗೀರನ್ನು ಹಿಮ್ಮಡಿಯಿಂದ ಮತ್ತೆ ಎಳೆದಳು. ಮುಖದಲ್ಲಿ ಏನೂ ಇರಲಿಲ್ಲ. ನನ್ನ ಕಣ್ಣು ತುಂಬಿ ಬಂತು.

ಆಂಡಿಲೆ ಡ್ಲಾಮಿನಿ ಹುಟ್ಟಿದ್ದು ಇದೇ ಊರಿನಲ್ಲಿ, 1992ರ ಸೆಪ್ಟೆಂಬರ್ 2ರಂದು. ಅವರು ಹುಟ್ಟಿದಾಗ ಈ ದೇಶಕ್ಕೆ ಹೆಂಗಸರ ಅಧಿಕೃತ ಫುಟ್‌ಬಾಲ್ ತಂಡವೇ ಇರಲಿಲ್ಲ. ಮರುವರ್ಷ, 1993ರಲ್ಲಿ, ‘ಬನ್ಯಾನಾ ಬನ್ಯಾನಾ’ ಮೊದಲ ಪಂದ್ಯ ಆಡಿತು. ಹೆಸರಿನ ಅರ್ಥ ‘ಹುಡುಗಿಯರು ಹುಡುಗಿಯರು’. ಸ್ವಾಜಿಲ್ಯಾಂಡಿನ ಮೇಲೆ 14–0 ಗೋಲುಗಳ ಗೆಲುವು. ಆ ಪಂದ್ಯದಲ್ಲಿ ಆಡಿದ್ದ ಕೇಪ್‌ಟೌನಿನ ಡೆಸಿರೀ ಎಲಿಸ್ ಇವತ್ತು ಡ್ಲಾಮಿನಿಯವರ ಕೋಚ್. ಮೊದಲ ತಲೆಮಾರು ತನ್ನ ಕೈಯಾರೆ ಮುಂದಿನವರನ್ನು ಕಟ್ಟಿದ ಕಥೆ ಇದು.

ಡ್ಲಾಮಿನಿಯವರಿಗೆ ಶುರುವಿನಲ್ಲಿ ಸಿಕ್ಕಿದ್ದು ಬರೀ ಎದೆಯೊಡೆಯುವ ಸಂಗತಿಗಳು. 2018ರ ಡಿಸೆಂಬರ್ 1ರಂದು ಅಕ್ರಾದಲ್ಲಿ ಆಫ್ರಿಕಾ ಕಪ್ಪಿನ ಫೈನಲ್. ಎದುರಿಗೆ ನೈಜೀರಿಯಾ. ಗೋಲಿಲ್ಲದ ಪಂದ್ಯ, ಆಮೇಲೆ ಪೆನಾಲ್ಟಿಯಲ್ಲಿ ಸೋಲು. ದಕ್ಷಿಣ ಆಫ್ರಿಕಾಕ್ಕೆ ಅದು ಐದನೆಯ ಫೈನಲ್ ಸೋಲು. ಮರುವರ್ಷ ಫ್ರಾನ್ಸಿನಲ್ಲಿ ದೇಶದ ಮೊದಲ ಮಹಿಳಾ ವಿಶ್ವಕಪ್. ಸ್ಪೇನ್, ಚೀನಾ, ಜರ್ಮನಿ ಇದ್ದ ಗುಂಪು. ಮೂರು ಪಂದ್ಯ, ಮೂರೂ ಸೋಲು. ಹೊಡೆದದ್ದು 1, ಬಿಟ್ಟದ್ದು 8. ಗೋಲು ಹೊಡೆಯುವವಳು ಹತ್ತು ಸಲ ತಪ್ಪಿ ಒಂದು ಸಲ ಹೊಡೆದರೆ ಆ ಒಂದೇ ಉಳಿಯುತ್ತದೆ. ಗೋಲು ಕಾಯುವವಳು ಹತ್ತು ತಡೆದು ಒಂದು ಬಿಟ್ಟರೂ ಉಳಿಯುವುದು ಒಂದೇ. ಅದು ಈ ಕೆಲಸದ ಧರ್ಮ.

ಆಮೇಲೆ ದಿನ ತಿರುಗಿತು. 2021ರ ನವೆಂಬರಿನಲ್ಲಿ ಕೈರೋದಲ್ಲಿ ಆಫ್ರಿಕಾದ ಮಹಿಳಾ ಕ್ಲಬ್ಬುಗಳ ಮೊಟ್ಟಮೊದಲ ಚಾಂಪಿಯನ್ಸ್ ಲೀಗ್. ಘಾನಾದ ಹಸಾಕಸ್ ಲೇಡೀಸ್ ತಂಡವನ್ನು 2–0ಯಲ್ಲಿ ಸೋಲಿಸಿ ಸಂಡೌನ್ಸ್ ಗೆದ್ದಿತು. ಮುಂದಿನ ವರ್ಷ, 2022ರ ಜುಲೈ 23, ರಬಾತ್. ಫೈನಲಿನಲ್ಲಿ ಎದುರಾಳಿ ಅತಿಥೇಯ ಮೊರಾಕ್ಕೊ, ಕ್ರೀಡಾಂಗಣ ತುಂಬ ಅವರದೇ ಜನ. ಹಿಲ್ಡಾ ಮಗಾಯಾ ಎಂಟು ನಿಮಿಷದ ಅಂತರದಲ್ಲಿ ಎರಡು ಗೋಲು ಹೊಡೆದರು. 80ನೇ ನಿಮಿಷದಲ್ಲಿ ಮೊರಾಕ್ಕೊ ಒಂದು ತಿರುಗಿಸಿತು. ಅಲ್ಲಿಂದ ಕೊನೆಯ ಸೀಟಿಯವರೆಗೆ ಆ ಗದ್ದಲದಲ್ಲಿ ಗೋಲಿನಲ್ಲಿ ನಿಂತಿದ್ದವರು ಟೆಂಬಿಸಾದ ಡ್ಲಾಮಿನಿ. ದಕ್ಷಿಣ ಆಫ್ರಿಕಾ ಮೊದಲ ಬಾರಿಗೆ ಆಫ್ರಿಕಾದ ರಾಣಿಯಾಯಿತು.

“ತಂಡ ತಿರುಗಿ ಬಂದ ದಿನ ನಾನು ವಿಮಾನ ನಿಲ್ದಾಣಕ್ಕೆ ಹೋಗಿದ್ದೆ,” ಅಂದರು ಸಿಸಿ. “ನನ್ನ ಗಂಟಲು ಎರಡು ದಿನ ಸರಿಹೋಗಲಿಲ್ಲ. ನಮ್ಮೂರಿನವಳು ಕಪ್ ಹಿಡಿದುಕೊಂಡು ನಮ್ಮೂರಿನ ಪಕ್ಕದಲ್ಲೇ ಇಳಿಯುತ್ತಾಳೆ ಅಂದರೆ!” ಆ ಕಪ್ಪಿಗೆ ಬಹುಮಾನ 5 ಲಕ್ಷ ಡಾಲರ್. ಅದೇ ವರ್ಷ ಗಂಡಸರ ಆಫ್ರಿಕಾ ಕಪ್ ಗೆದ್ದ ಸೆನೆಗಲ್ಲಿಗೆ ಸಿಕ್ಕಿದ್ದು 50 ಲಕ್ಷ ಡಾಲರ್. ಸಿಸಿಗೆ ಈ ಎರಡು ಅಂಕಿ ಬಾಯಿಪಾಠ. 2023ರಲ್ಲಿ ವಿಶ್ವಕಪ್ಪಿಗೆ ಹೊರಡುವ ಮುಂಚೆ ದುಡ್ಡಿನ ಒಪ್ಪಂದ, ಆಡಲು ಕೊಟ್ಟ ಮೈದಾನ ಎರಡೂ ಸರಿಯಿಲ್ಲವೆಂದು ಆಟಗಾರ್ತಿಯರು ಬೋಟ್ಸ್‌ವಾನಾ ಎದುರಿನ ಪಂದ್ಯಕ್ಕೆ ಇಳಿಯಲೇ ಇಲ್ಲ. ಅವರು ಮಾಡಿದ್ದು ಸರಿ. ದೇಶದ ಅಂಗಿ ತೊಟ್ಟವರು ಕೈಚಾಚಿ ಬೇಡಬೇಕಾದ ಸ್ಥಿತಿ ಯಾವ ದೇಶಕ್ಕೂ ಶೋಭೆಯಲ್ಲ.

ಆ ವಿಶ್ವಕಪ್ಪಿನಲ್ಲಿ ದಕ್ಷಿಣ ಆಫ್ರಿಕಾ ಇಟಲಿಯನ್ನು 3–2ರಲ್ಲಿ ಸೋಲಿಸಿತು; ಕೊನೆಯ ಗೋಲು ಹೊಡೆದದ್ದು ಥೆಂಬಿ ಕಟ್ಲಾನಾ, 90 ನಿಮಿಷ ಮುಗಿದ ಮೇಲೆ. ಗಂಡಸರಾಗಲಿ ಹೆಂಗಸರಾಗಲಿ, ದಕ್ಷಿಣ ಆಫ್ರಿಕಾದ ಹಿರಿಯರ ತಂಡವೊಂದು ವಿಶ್ವಕಪ್ಪಿನ ಗುಂಪು ಹಂತ ದಾಟಿದ್ದು ಅದೇ ಮೊದಲು. ಆದರೆ ಆ ದಿನ ಗೋಲಿನಲ್ಲಿದ್ದವರು ಕೇಲಿನ್ ಸ್ವಾರ್ಟ್. ಒಂದು ವರ್ಷದ ಹಿಂದೆ ದೇಶಕ್ಕೆ ಕಪ್ ತಂದ ಡ್ಲಾಮಿನಿ ಹೊರಗೆ ಬೆಂಚಿನಲ್ಲಿದ್ದರು. ಹನ್ನೊಂದು ಜನರಲ್ಲಿ ಗೋಲಿಗೆ ಜಾಗ ಒಂದೇ. ಬೇರೆಯವರಾದರೆ ಹತ್ತು ನಿಮಿಷಕ್ಕಾದರೂ ಬದಲಿಯಾಗಿ ಇಳಿಯಬಹುದು, ಗೋಲ್‌ಕೀಪರಿಗೆ ಆ ಅವಕಾಶವೂ ಅಪರೂಪ. ಹೀಗೆ ಕಾಯುವುದನ್ನು ಕಲಿಯದವರು ಈ ಕೆಲಸದಲ್ಲಿ ಹತ್ತು ವರ್ಷ ಉಳಿಯಲಾರರು. ಅವರು ಉಳಿದರು. ಎರಡು ವರ್ಷದ ಮೇಲೆ ಊಜ್ದಾದಲ್ಲಿ ನಾನು ನೋಡಿದ ಆ ಎರಡು ತಡೆಗಳು ಬಂದವು.

ಊಜ್ದಾ ಆದ ಮೂರೇ ದಿನಕ್ಕೆ, ಜುಲೈ 22ರಂದು ಸೆಮಿಫೈನಲ್. ಮತ್ತೆ ಅದೇ ನೈಜೀರಿಯಾ. 1–1 ಆಗಿದ್ದ ಆಟ 94ನೇ ನಿಮಿಷಕ್ಕೆ ಬಂದಿತ್ತು. ನೈಜೀರಿಯಾದ ಮಿಶೆಲ್ ಅಲೋಜಿ ದೂರದಿಂದ ಎತ್ತಿ ಹಾಕಿದ ಚೆಂಡು ಯಾರ ಕಾಲಿಗೂ ತಲೆಗೂ ತಾಗದೆ ನೇರ ಬಲೆ ಸೇರಿತು. ಮೂರು ದಿನದ ಹಿಂದೆ ಎಲ್ಲರೂ ಓಡಿಬಂದು ಅಪ್ಪಿಕೊಂಡಿದ್ದ ಹೆಂಗಸು ಈಗ ಬಲೆಯಿಂದ ಚೆಂಡು ಎತ್ತಿಕೊಳ್ಳಬೇಕಾಯಿತು. ಟೆಂಬಿಸಾದ ಆ ಮೈದಾನದಲ್ಲಿ ಬೇಲಿ ಹಾರಿ ಹೋದ ಹುಡುಗಿಯನ್ನು ನೋಡಿದ ಮೇಲೆ ನನಗೆ ಆ ಗಳಿಗೆ ಬೇರೆಯಾಗಿಯೇ ಕಾಣುತ್ತದೆ. ಬಲೆ ಇರುವುದು ಒಂದು ದೊಡ್ಡ ಉಪಕಾರ.

ಆಫ್ರಿಕಾದ ಈ ದಕ್ಷಿಣದ ನಾಡುಗಳಲ್ಲೆಲ್ಲ ಗೋಲು ಕಾಯುವವರ ಇಂಥ ಕಥೆಗಳಿವೆ. ಜಾಂಬಿಯಾದ ಹೇಜಲ್ ನಾಲಿ 2021ರ ಒಲಿಂಪಿಕ್ಸಿನಲ್ಲಿ ನೆದರ್ಲೆಂಡ್ಸಿನ ಎದುರು ಹತ್ತು ಗೋಲು ಬಿಟ್ಟವರು. ಮರುವರ್ಷ ಆಫ್ರಿಕಾ ಕಪ್ಪಿನಲ್ಲಿ ಸೆನೆಗಲ್ ಎದುರು ಪೆನಾಲ್ಟಿ ಸರದಿಯಲ್ಲಿ ಗೋಲು ಕಾದದ್ದಲ್ಲದೆ, ತಾವೇ ಮುಂದೆ ಬಂದು ಗೆಲುವಿನ ಹೊಡೆತ ಹೊಡೆದರು. 2023ರ ವಿಶ್ವಕಪ್ಪಿನ ಹೊತ್ತಿಗೆ ಮಂಡಿಗೆ ಪೆಟ್ಟಾಗಿ ಆಡಲಾಗದೆ ಹೊರಗುಳಿದರು. ಅವರ ಬದಲು ಬಂದ ಕ್ಯಾಥರೀನ್ ಮುಸೋಂಡಾ ಜಪಾನಿನ ಎದುರು ಕೆಂಪು ಚೀಟಿ ಪಡೆದು ಹೊರಗೆ ಹೋದರು. ಬೆಂಚಿನಿಂದ ಎದ್ದು ಬಂದ ಯೂನಿಸ್ ಸಕಾಲಾ, ಆಗಷ್ಟೇ ಗ್ಲೌಸ್ ಏರಿಸಿಕೊಂಡವರು, ಎದುರಾದ ಪೆನಾಲ್ಟಿಯನ್ನು ತಡೆದೇಬಿಟ್ಟರು! ಆದರೆ ಒದೆಯುವ ಗಳಿಗೆಯಲ್ಲಿ ಒಂದು ಕಾಲಾದರೂ ಗೆರೆಯ ಮೇಲಿರಬೇಕು. ಅವರ ಪಾದ ಮುಂದೆ ಬಂದಿತ್ತು. ಮತ್ತೆ ಹೊಡೆಸಿದರು, ಗೋಲಾಯಿತು. ಒಂದು ಅಂಗುಲದ ಮಾತು.

ಮಧ್ಯಾಹ್ನದ ಹೊತ್ತಿಗೆ ಬಿಸಿಲು ಏರಿ ಕಂಬಳಿಗಳು ಇಳಿದವು. ಕುರ್ಚಿಗಳಲ್ಲಿ ಕೂತಿದ್ದ ತಾಯಂದಿರನ್ನು ತೋರಿಸಿ, “ಇವರೆಲ್ಲ ಆಟ ನೋಡಲಿಕ್ಕಷ್ಟೇ ಬಂದವರಲ್ಲ,” ಅಂದರು ಸಿಸಿ. “ಮಕ್ಕಳನ್ನು ಮನೆಗೆ ಕರೆದುಕೊಂಡು ಹೋಗಲಿಕ್ಕೆ.” ಆಮೇಲೆ ಯೂಡಿ ಸಿಮೆಲಾನೆಯ ಹೆಸರು ಹೇಳಿದರು. ಬನ್ಯಾನಾ ಬನ್ಯಾನಾ ತಂಡದ ಮಿಡ್‌ಫೀಲ್ಡರ್. ಇದೇ ಎಕುರುಲೇನಿಯ ಕ್ವಾಥೆಮಾ ಎಂಬ ಊರಿನವರು. ತಾನು ಹೆಣ್ಣನ್ನು ಪ್ರೀತಿಸುವವಳು ಎಂಬುದನ್ನು ಮುಚ್ಚಿಡದೆ ಬದುಕಿದ್ದರು. 2008ರ ಏಪ್ರಿಲಿನಲ್ಲಿ ಅವರ ಊರಿನಲ್ಲೇ ಅವರ ಮೇಲೆ ಅತ್ಯಾಚಾರವೆಸಗಿ ಕೊಂದರು. ಆ ಹೆಸರು ಬಂದಾಗ ಪಕ್ಕದ ಕುರ್ಚಿಯ ಅಜ್ಜಿ ನಮ್ಮ ಕಡೆ ತಿರುಗಿ ತಲೆಯಾಡಿಸಿ, ಮತ್ತೆ ಮೈದಾನದ ಕಡೆ ನೋಡಿದರು. ಆ ತಾಯಂದಿರೂ ಕಾಯುವವರೇ.

ಕೊನೆಯ ಆಟ ಪೆನಾಲ್ಟಿಗೆ ಬಂತು. ಕೋಚ್ ಹನ್ನೊಂದು ದೊಡ್ಡ ಹೆಜ್ಜೆ ಎಣಿಸಿ ಹಿಮ್ಮಡಿಯಿಂದ ಮಣ್ಣು ಗುಳಿ ಮಾಡಿದರು. ನಮ್ಮ ಹುಡುಗಿ (ಅಷ್ಟರಲ್ಲಿ ನನಗೆ ಅವಳು ‘ನಮ್ಮ’ ಹುಡುಗಿಯಾಗಿದ್ದಳು) ಬಾಟಲಿಯಲ್ಲಿ ಉಳಿದ ನೀರನ್ನೆಲ್ಲ ಅಂಗೈಗೆ ಸುರಿದುಕೊಂಡಳು. ಮೂರು ಹೊಡೆತ ಅವಳನ್ನು ದಾಟಿ ಹೋದವು. ಪ್ರತಿ ಸಲವೂ ಹಿಂದಿನ ಚಿಕ್ಕ ಹುಡುಗರು ಈಗ ಅವಳಿಗಿಂತ ಮೊದಲು ಓಡಿ ಚೆಂಡು ತಂದುಕೊಟ್ಟರು. ನಾಲ್ಕನೆಯದು ಬಲಗಡೆಗೆ ನೆಲ ಸವರಿಕೊಂಡು ಬಂತು. ಅವಳು ಬಿದ್ದ ಕಡೆ ಕೆಂಪು ಧೂಳು ಎದ್ದು ಒಂದು ಗಳಿಗೆ ಏನೂ ಕಾಣಲಿಲ್ಲ. ಧೂಳು ಇಳಿದಾಗ ಚೆಂಡು ಅವಳ ಎದೆಯ ಕೆಳಗಿತ್ತು, ಕಪ್ಪು ಟೇಪು ಬಿಚ್ಚಿ ಜೋತಾಡುತ್ತಿತ್ತು. ಗೋಲಿಗೆ ‘ಗುಡುಗಿತು’ ಎಂದು ಕೂಗಿದ್ದ ಜನ ಈಗ ಯಾವ ಮಾತನ್ನೂ ಕೂಗಲಿಲ್ಲ. ಹೆಂಗಸರು ಬಾಯಲ್ಲಿ ನಾಲಿಗೆ ಆಡಿಸುತ್ತ ಉಲುಲು ಎಂದು ಒಂದೇ ಉಸಿರಿನಲ್ಲಿ ದನಿ ಎತ್ತಿದರು. ಅಂಥ ದನಿಯನ್ನು ನಾನು ಅಷ್ಟು ಹತ್ತಿರದಿಂದ ಕೇಳಿರಲಿಲ್ಲ. ಮೈಯ ಕೂದಲೆಲ್ಲ ನಿಂತವು.

ಹೊರಡುವ ಮುಂಚೆ ಅವಳ ಹತ್ತಿರ ಹೋಗಿ, ಸಿಸಿಯ ಮೂಲಕ ಕೇಳಿದೆ: “ನಿನಗೆ ಈ ಜಾಗ ಯಾರು ಕೊಟ್ಟರು?”

“ಯಾರೂ ಕೊಡಲಿಲ್ಲ,” ಅಂದಳು. “ನಾನೇ ಕೇಳಿದೆ.”

ಜೊಹಾನ್ಸ್‌ಬರ್ಗಿಗೆ ಕೆಲಸಕ್ಕೆ, ಮೀಟಿಂಗಿಗೆ, ಮಕ್ಕಳ ಮನೆಗೆ ಹೋಗುವ ಕನ್ನಡಿಗರು ಈಗ ಬಹಳ ಜನರಿದ್ದಾರೆ. ಸಿಂಹ, ಆನೆ ಎಲ್ಲವನ್ನೂ ನೋಡಿ ಬನ್ನಿ. ಜೊತೆಗೆ ಒಂದು ಶನಿವಾರ ಬೆಳಿಗ್ಗೆ, ಊರು ಬಲ್ಲವರೊಬ್ಬರನ್ನು ಕರೆದುಕೊಂಡು ಟೆಂಬಿಸಾಗೂ ಹೋಗಿ. ಟಿಕೆಟ್ ಇಲ್ಲ. ಗೋಲ್‌ಕಂಬದ ಹಿಂದೆ ನಿಂತುಕೊಳ್ಳಿ, ಚೆಂಡು ನಿಮ್ಮನ್ನು ದಾಟಿ ರಸ್ತೆಗೆ ಹೋದರೆ ಓಡಿ ತಂದುಕೊಡಿ. ಹೋಗುವಾಗ ಒಂದು ಜೊತೆ ಗೋಲ್‌ಕೀಪರ್ ಗ್ಲೌಸ್ ಒಯ್ಯಿರಿ, ಎಂಟನೇ ನಂಬರಿನದು. ತಮ್ಮನ ಕೈಯಲ್ಲಿ ನಾನು ಕಳಿಸಿದ್ದು ಒಂದೇ ಜೊತೆ.